ಹುಟ್ಟೂರು ಉಕ್ರೇನ್, ಹೆಸರು ಬೇರೆಯವರ ಲೆಕ್ಕಕ್ಕೆ

2023ರ ಆರಂಭದಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯ ಕೆಲವು ಚಿತ್ರಗಳ ಪಕ್ಕದ ಫಲಕಗಳನ್ನು ತಿದ್ದಿತು. ಅಲ್ಲಿಯವರೆಗೆ ರಷ್ಯನ್ ಕಲಾವಿದರು ಎನಿಸಿಕೊಂಡಿದ್ದ ಇಲ್ಯಾ ರೆಪಿನ್, ಅರ್ಖಿಪ್ ಕುಯಿಂಜಿ, ಇವಾನ್ ಐವಜೋವ್‌ಸ್ಕಿ ಮೂವರೂ ಉಕ್ರೇನಿನವರಾದರು. ರೆಪಿನ್ ಹುಟ್ಟಿದ್ದು ಖಾರ್ಕಿವ್ ಹತ್ತಿರದ ಚುಹುಯಿವ್‌ನಲ್ಲಿ. ಕುಯಿಂಜಿ ಮರಿಯುಪೋಲಿನ ಗ್ರೀಕ್ ಮನೆತನದವನು. ಕಡಲಿನ ಚಿತ್ರಗಳಿಗೆ ಹೆಸರಾದ ಐವಜೋವ್‌ಸ್ಕಿ ಕ್ರಿಮಿಯಾದ ಫಿಯೊಡೊಸಿಯಾದಲ್ಲಿ ಹುಟ್ಟಿದ ಅರ್ಮೇನಿಯನ್. ನಮ್ಮವನನ್ನು ಉಕ್ರೇನಿಗೆ ಹೇಗೆ ಬರೆದುಕೊಟ್ಟಿರಿ ಎಂದು ಅರ್ಮೇನಿಯನ್ನರು ತಕರಾರು ಎತ್ತಿದರು. ಸಂಗ್ರಹಾಲಯ ಐವಜೋವ್‌ಸ್ಕಿಯ ಫಲಕವನ್ನು ಮತ್ತೆ ತಿದ್ದಿತು: ಅರ್ಮೇನಿಯನ್, ಹುಟ್ಟಿದ್ದು ರಷ್ಯನ್ ಸಾಮ್ರಾಜ್ಯದಲ್ಲಿ, ಆ ಊರು ಈಗ ಉಕ್ರೇನಿನಲ್ಲಿದೆ. ಇದಕ್ಕೆ ಒಂದು ವರ್ಷ ಮೊದಲು ಲಂಡನ್ನಿನ ನ್ಯಾಷನಲ್ ಗ್ಯಾಲರಿ ಫ್ರೆಂಚ್ ಕಲಾವಿದ ದೆಗಾನ ಒಂದು ಚಿತ್ರದ ಹೆಸರನ್ನೇ ಬದಲಿಸಿತ್ತು. ಅದರಲ್ಲಿ ಕುಣಿಯುವ ಹೆಣ್ಣುಮಕ್ಕಳು ಶತಮಾನಕ್ಕೂ ಹೆಚ್ಚು ಕಾಲ ರಷ್ಯನ್ ನರ್ತಕಿಯರಾಗಿದ್ದರು. ಅವರ ತಲೆಯ ರಿಬ್ಬನ್ನುಗಳಲ್ಲಿದ್ದ ಉಕ್ರೇನ್ ಬಾವುಟದ ನೀಲಿ-ಹಳದಿ ಬಣ್ಣ 2022ರವರೆಗೆ ಹೆಚ್ಚಿನವರಿಗೆ ಮುಖ್ಯ ಎನಿಸಿರಲಿಲ್ಲ.

ಉಕ್ರೇನ್ ಮೂಲದ ಜಗತ್ಪ್ರಸಿದ್ಧರ ಪಟ್ಟಿ ಮಾಡಹೊರಟವರಿಗೆಲ್ಲ ಎದುರಾಗುವ ತೊಡಕು ಇದೇ. ಉಕ್ರೇನ್ ಸ್ವತಂತ್ರ ರಾಷ್ಟ್ರವಾಗಿ ನೆಲೆ ನಿಂತದ್ದು 1991ರಲ್ಲಿ. ಅದಕ್ಕೂ ಮೊದಲು ಆ ನೆಲದ ಬಹುಪಾಲನ್ನು ಆಳಿದವರು ರಷ್ಯದ ಜಾರ್ ದೊರೆಗಳು, ಆಮೇಲೆ ಸೋವಿಯತ್ ಸರ್ಕಾರ. ಪಶ್ಚಿಮದ ಗಲೀಷಿಯಾ ಆಸ್ಟ್ರಿಯಾದ ಕೈಯಲ್ಲಿತ್ತು, ಒಂದನೆಯ ಮಹಾಯುದ್ಧದ ನಂತರ ಪೋಲೆಂಡಿಗೆ ಹೋಯಿತು. ಪಟ್ಟಣಗಳಲ್ಲಿ ಉಕ್ರೇನಿಯನ್ನರ ಜೊತೆ ಯಹೂದಿಗಳು, ಪೋಲರು, ರಷ್ಯನ್ನರು, ಜರ್ಮನ್ನರು, ಗ್ರೀಕರು ಅಕ್ಕಪಕ್ಕದ ಬೀದಿಗಳಲ್ಲಿ ಬದುಕಿದರು. ಹೀಗಾಗಿ 'ಉಕ್ರೇನಿನವರು' ಎಂದಾಗ ಹುಟ್ಟಿದ ನೆಲವನ್ನು ನೋಡಬೇಕೋ, ವಂಶವನ್ನೋ, ಆ ಮನುಷ್ಯ ತನ್ನನ್ನು ತಾನು ಏನೆಂದು ಕರೆದುಕೊಂಡ ಎಂಬುದನ್ನೋ? ಮೂರು ಅಳತೆಗೋಲಿಗೆ ಮೂರು ಪಟ್ಟಿಗಳು ಸಿಗುತ್ತವೆ, ಮೂರರಲ್ಲೂ ಇರುವ ಹೆಸರುಗಳು ಬಹಳ ಕಡಿಮೆ. ಆದರೆ ಯಾವ ಪಟ್ಟಿಯನ್ನು ಹಿಡಿದು ಓದಿದರೂ ನನ್ನ ಕಣ್ಣಿಗೆ ಬೀಳುವುದು ಒಂದೇ ಸಂಗತಿ. ಆ ನೆಲದಲ್ಲಿ ಹುಟ್ಟಿ ಜಗತ್ತಿಗೆಲ್ಲ ಗೊತ್ತಾದವರು ಹೆಚ್ಚುಕಡಿಮೆ ಎಲ್ಲರೂ ಏನನ್ನಾದರೂ ಬಿಟ್ಟೇ ಹೋದವರು. ಕೆಲವರು ಊರು ಬಿಟ್ಟರು, ಕೆಲವರು ಭಾಷೆ ಬಿಟ್ಟರು. ಒಬ್ಬನಂತೂ ಹೆಸರನ್ನೇ ಬಿಟ್ಟ.

ಒಡೆಸಾದಿಂದ ಶುರು ಮಾಡೋಣ. ಅಲ್ಲಿಂದ ಹೊರಟ ಒಬ್ಬನ ಕೆಲಸ ಹುಬ್ಬಳ್ಳಿಯವರೆಗೂ ಬಂದು ಮುಟ್ಟಿದೆ.

ಕಪ್ಪು ಸಮುದ್ರದ ಈ ಬಂದರು ನಗರದ ವಿಶ್ವವಿದ್ಯಾಲಯದಲ್ಲಿ ಇಲ್ಯಾ ಮೆಚ್ನಿಕೋವ್ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ಖಾರ್ಕಿವ್ ಸೀಮೆಯಲ್ಲಿ 1845ರಲ್ಲಿ ಹುಟ್ಟಿದವನು. ತಂದೆಯ ಕಡೆ ಮೊಲ್ಡಾವಿಯಾದ ಜಮೀನುದಾರರ ವಂಶ, ತಾಯಿಯ ಕಡೆ ಯಹೂದಿ ಮೂಲ. ರಕ್ತದಲ್ಲಿರುವ ಬಿಳಿಕಣಗಳು ರೋಗಾಣುಗಳನ್ನು ನುಂಗಿ ದೇಹವನ್ನು ಕಾಯುತ್ತವೆ ಎಂಬ ಸಿದ್ಧಾಂತಕ್ಕೆ 1908ರಲ್ಲಿ ನೊಬೆಲ್ ಹಂಚಿಕೊಂಡ. ಮೊಸರಿನಲ್ಲಿರುವ ಸೂಕ್ಷ್ಮಜೀವಿಗಳು ಆಯುಷ್ಯ ಹೆಚ್ಚಿಸುತ್ತವೆ ಎಂದು ನಂಬಿ, ಕೊನೆಗಾಲದಲ್ಲಿ ತಾನೂ ಹುಳಿ ಹಾಲು ಕುಡಿಯುತ್ತ, ಯುರೋಪಿಗೂ ಅದರ ರುಚಿ ಹತ್ತಿಸಿದ. ನಮ್ಮ ಊಟ ಮೊಸರನ್ನವಿಲ್ಲದೆ ಮುಗಿಯದ್ದರಿಂದ ಇದರಲ್ಲಿ ನಮಗೇನೂ ವಿಶೇಷ ಕಾಣದು. ಆದರೆ ಇಂದು ಪ್ರೊಬಯಾಟಿಕ್ ಎಂದು ಡಬ್ಬಿಯಲ್ಲಿ ಮಾರುವ ಸರಕಿನ ಹಿಂದಿರುವ ವಿಚಾರ ಅವನದೇ. 1886ರಲ್ಲಿ ಒಡೆಸಾದಲ್ಲಿ ಸೂಕ್ಷ್ಮಾಣು ಪ್ರಯೋಗಾಲಯವೊಂದು ಶುರುವಾದಾಗ ಅದರ ಮುಖ್ಯಸ್ಥನಾದವನೂ ಅವನೇ. ಸ್ಥಳೀಯ ವೈದ್ಯರ, ಅಧಿಕಾರಿಗಳ ಕಿರಿಕಿರಿ ತಾಳಲಾರದೆ ಎರಡೇ ವರ್ಷಕ್ಕೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೊರಟುಹೋದ.

ಅವನ ಶಿಷ್ಯ ವಾಲ್ಡೆಮಾರ್ ಹಾಫ್‌ಕಿನ್, 1860ರಲ್ಲಿ ಒಡೆಸಾದ ಯಹೂದಿ ಕುಟುಂಬದಲ್ಲಿ ಹುಟ್ಟಿದವನು. ವಿದ್ಯಾರ್ಥಿಯಾಗಿದ್ದಾಗಲೇ ಜಾರ್ ವಿರೋಧಿ ಕ್ರಾಂತಿಕಾರಿಗಳ ಸಹವಾಸ. 1881ರಲ್ಲಿ ಯಹೂದಿಗಳ ಮೇಲೆ ದೊಂಬಿ ನಡೆದಾಗ ಆತ್ಮರಕ್ಷಣೆಗೆ ನಿಂತ ಹುಡುಗರ ಗುಂಪಿನಲ್ಲಿದ್ದು ಸೆರೆ ಸಿಕ್ಕ; ಮೆಚ್ನಿಕೋವ್ ಮಧ್ಯೆ ಬಂದು ಬಿಡಿಸಿದ. ಯಹೂದಿಯಾಗಿ ಉಳಿದರೆ ಆ ಸಾಮ್ರಾಜ್ಯದಲ್ಲಿ ಪ್ರಾಧ್ಯಾಪಕನಾಗುವ ದಾರಿ ಇರಲಿಲ್ಲ, ಮತ ಬಿಡಲು ಅವನು ಒಪ್ಪಲಿಲ್ಲ. ಗುರುವಿನ ಹಿಂದೆ ಪ್ಯಾರಿಸ್ಸಿಗೆ ಹೋದಾಗ ಸಿಕ್ಕಿದ್ದು ಗ್ರಂಥಾಲಯದ ಕೆಲಸ. ಬಿಡುವಿನಲ್ಲಿ ಪ್ರಯೋಗ ಮಾಡಿ ಕಾಲರಾಕ್ಕೆ ಲಸಿಕೆ ಕಂಡುಹಿಡಿದು, 1892ರ ಜುಲೈನಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಮರುವರ್ಷ ಕಲ್ಕತ್ತೆಗೆ ಬಂದ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಡಿದಾಗ ಸರ್ಕಾರ ಅವನನ್ನು ಅಲ್ಲಿಗೆ ಕರೆಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಾದ ಜಾಗದಲ್ಲಿ ಕೆಲವೇ ತಿಂಗಳಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಅದನ್ನೂ ತನಗೇ ಚುಚ್ಚಿಸಿಕೊಂಡ.

ಆ ಪ್ಲೇಗು ರೈಲುದಾರಿ ಹಿಡಿದು ಧಾರವಾಡ ಸೀಮೆಗೂ ಬೆಂಗಳೂರಿಗೂ ಬಂತು. 1898ರ ಆ ಮಾರಿಯ ಗುರುತು ಬೆಂಗಳೂರಿನ ಮೈಮೇಲೆ ಇಂದಿಗೂ ಇದೆ: ಗಾಳಿ ಬೆಳಕಿನ ಬಡಾವಣೆಗಳಾಗಿ ಎದ್ದ ಮಲ್ಲೇಶ್ವರ, ಬಸವನಗುಡಿ, ಅಲ್ಲಲ್ಲಿ ನಿಂತಿರುವ ಪ್ಲೇಗಮ್ಮನ ಗುಡಿಗಳು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಹಾಫ್‌ಕಿನ್‌ನ ಲಸಿಕೆ ಹಾಕಿಸಿಕೊಂಡರು. ಲಸಿಕೆ ನಿಜಕ್ಕೂ ಪರಿಣಾಮಕಾರಿಯೇ ಎಂಬ ಆ ಕಾಲದ ವಾದವಿವಾದದಲ್ಲಿ ಹುಬ್ಬಳ್ಳಿಯ ಅಂಕಿಅಂಶಗಳು ಪದೇಪದೇ ಬರುತ್ತವೆ. ಇಷ್ಟೆಲ್ಲ ಮಾಡಿದವನಿಗೆ 1902ರಲ್ಲಿ ಪೆಟ್ಟು ಬಿತ್ತು. ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪನ್ನು ಪ್ರಯೋಗಾಲಯದ ತಲೆಗೆ ಕಟ್ಟಿ ಹಾಫ್‌ಕಿನ್‌ನನ್ನು ಕೆಲಸದಿಂದ ಬದಿಗೆ ಸರಿಸಿದರು. ಸೀಸೆ ತೆರೆದವನು ನೆಲಕ್ಕೆ ಬಿದ್ದ ಚಿಮುಟವನ್ನು ಸರಿಯಾಗಿ ಶುದ್ಧಮಾಡದೆ ಬಳಸಿದ್ದೇ ಕಾರಣವೆಂದು ಆಮೇಲೆ ಹೊರಬಂತು. ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್‌ನಂಥವರು ಪತ್ರಿಕೆಗಳಲ್ಲಿ ಬರೆದು ಜಗಳವಾಡಿದ ನಂತರ 1907ರಲ್ಲಿ ಕಳಂಕ ಕಳೆಯಿತು. 1925ರಲ್ಲಿ ಮುಂಬಯಿಯ ಪರೇಲಿನಲ್ಲಿದ್ದ ಆ ಪ್ರಯೋಗಾಲಯಕ್ಕೇ ಅವನ ಹೆಸರಿಟ್ಟರು. ಈ ಮನುಷ್ಯ ಯಾರವನು? ಒಡೆಸಾದವರು ನಮ್ಮವನು ಎನ್ನುತ್ತಾರೆ, ಯಹೂದಿಗಳು ನಮ್ಮವನು ಎನ್ನುತ್ತಾರೆ, ಕಾಗದಪತ್ರದ ಪ್ರಕಾರ ಬ್ರಿಟಿಷ್ ಪ್ರಜೆ. ಅವನು ಅತಿ ಹೆಚ್ಚು ಜೀವ ಉಳಿಸಿದ್ದಂತೂ ಭಾರತದಲ್ಲಿ.

ವೈದ್ಯಕೀಯದ ಮಾತು ಬಂದಮೇಲೆ ಸೆಲ್ಮನ್ ವಾಕ್ಸ್‌ಮನ್‌ನನ್ನು ಬಿಡುವಂತಿಲ್ಲ. ವಿನ್ನಿತ್ಸಿಯಾ ಸೀಮೆಯ ನೋವಾ ಪ್ರಿಲೂಕಾ ಎಂಬ ಹಳ್ಳಿಯ ಯಹೂದಿ ಹುಡುಗ, 1910ರಲ್ಲಿ ಅಮೆರಿಕಕ್ಕೆ ಹೋಗಿ ಮಣ್ಣಿನ ಸೂಕ್ಷ್ಮಜೀವಿಗಳ ಅಧ್ಯಯನಕ್ಕೆ ಬದುಕು ಸವೆಸಿದ. ಅವನ ಪ್ರಯೋಗಾಲಯದಲ್ಲಿ 1943ರಲ್ಲಿ ಸಿಕ್ಕಿದ ಸ್ಟ್ರೆಪ್ಟೊಮೈಸಿನ್ ಕ್ಷಯಕ್ಕೆ ದೊರೆತ ಮೊದಲ ಪರಿಣಾಮಕಾರಿ ಔಷಧ. 1952ರ ನೊಬೆಲ್ ಅವನೊಬ್ಬನಿಗೇ ಬಂತು. ನಿಜವಾಗಿ ಅದನ್ನು ಪ್ರತ್ಯೇಕಿಸಿ ತೆಗೆದ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಸ್ ತನ್ನ ಪಾಲಿಗಾಗಿ ಆ ಮೊದಲೇ ಕೋರ್ಟಿಗೆ ಹೋಗಿದ್ದ. ಗುರುಶಿಷ್ಯರ ಆ ವ್ಯಾಜ್ಯದ ಕಹಿ ಕೊನೆಯವರೆಗೂ ಹೋಗಲಿಲ್ಲ.

ಇವರೆಲ್ಲ ಊರು ಬಿಟ್ಟವರು. ಭಾಷೆ ಬಿಟ್ಟವರ ಸಾಲಿನಲ್ಲಿ ಮೊದಲು ನಿಲ್ಲುವವನು ನಿಕೊಲಾಯ್ ಗೊಗೊಲ್. 1809ರಲ್ಲಿ ಪೊಲ್ತಾವ ಸೀಮೆಯಲ್ಲಿ ಹುಟ್ಟಿದ ಇವನ ತಂದೆ ಉಕ್ರೇನಿಯನ್ನಿನಲ್ಲಿ ಪ್ರಹಸನಗಳನ್ನು ಬರೆಯುತ್ತಿದ್ದವರು. ಮಗ ಪೀಟರ್ಸ್‌ಬರ್ಗಿಗೆ ಹೋಗಿ ರಷ್ಯನ್ನಿನಲ್ಲಿ ಬರೆದ. ಮೊದಲಿಗೆ ಅವನಿಗೆ ಹೆಸರು ತಂದ ಕತೆಗಳಲ್ಲಿ ಇದ್ದದ್ದು ಮಾತ್ರ ಊರಿನ ಜಾತ್ರೆ, ದೆವ್ವ, ಮಾಟಗಾತಿಯರು. ಊರಿಂದ ಹಾಡು, ಗಾದೆ, ಉಡುಗೆ, ನಂಬಿಕೆಗಳ ವಿವರ ಬರೆದು ಕಳಿಸು ಎಂದು ತಾಯಿಗೆ ಪತ್ರ ಹಾಕುತ್ತಿದ್ದ. ತನ್ನದು ಉಕ್ರೇನಿಯನ್ ಆತ್ಮವೋ ರಷ್ಯನ್ ಆತ್ಮವೋ ತನಗೇ ತಿಳಿಯದು ಎಂದು 1844ರಲ್ಲಿ ಸ್ನೇಹಿತೆಗೆ ಬರೆದ. ಸ್ವತಃ ಅವನಿಗೇ ಬಗೆಹರಿಯದ ಪ್ರಶ್ನೆಗೆ ಇಂದು ಎರಡೂ ಕಡೆಯ ವಿದ್ವಾಂಸರು ಖಚಿತ ಉತ್ತರ ಕೊಡುತ್ತಾರೆ. ಅವನ 'ಇನ್‌ಸ್ಪೆಕ್ಟರ್ ಜನರಲ್' ನಾಟಕ ಭಾರತದ ಅನೇಕ ಭಾಷೆಗಳ ರಂಗಕ್ಕೆ ಬಂದಿದೆ. 1950ರಲ್ಲಿ ದೇವಾನಂದ್ ನಟಿಸಿದ 'ಅಫ್ಸರ್' ಚಿತ್ರದ ಬೀಜವೂ ಅದೇ. ಸಾಹೇಬರ ಹೆಸರು ಕೇಳಿದೊಡನೆ ನಡುಗುವ ಕಚೇರಿ ಎಲ್ಲಿ ಇಲ್ಲ?

ಗೊಗೊಲ್‌ಗಿಂತ ಐದು ವರ್ಷ ಚಿಕ್ಕವನಾದ ತರಾಸ್ ಶೆವ್ಚೆಂಕೊ ಮಾತ್ರ ಕವಿತೆಗೆ ಉಕ್ರೇನಿಯನ್ನನ್ನೇ ಆರಿಸಿಕೊಂಡ. ಜಮೀನುದಾರನ ಜೀತದಾಳಾಗಿ ಹುಟ್ಟಿದವನು. ಅವನ ಚಿತ್ರಕಲೆಯ ಶಕ್ತಿ ಕಂಡವರು ಕವಿ ಝುಕೋವ್‌ಸ್ಕಿಯ ಭಾವಚಿತ್ರ ಬರೆಸಿ, ಲಾಟರಿಯಿಟ್ಟು, 1838ರಲ್ಲಿ 2,500 ರೂಬಲ್ ಕೊಟ್ಟು ಬಿಡಿಸಿಕೊಂಡರು. ಎರಡೇ ವರ್ಷದಲ್ಲಿ 'ಕೊಬ್ಜಾರ್' ಕವನ ಸಂಕಲನ ಬಂತು. 1847ರಲ್ಲಿ ಬಂಧಿಸಿ, ಸಿಪಾಯಿ ಮಾಡಿ ಗಡಿಗೆ ಅಟ್ಟಿದರು. ಬರೆಯಕೂಡದು, ಚಿತ್ರವನ್ನೂ ಬಿಡಿಸಕೂಡದು ಎಂದು ಚಕ್ರವರ್ತಿಯೇ ಆಜ್ಞೆಗೆ ಷರಾ ಸೇರಿಸಿದ. ಹತ್ತು ವರ್ಷ ಹಾಗೆ ಕಳೆಯಿತು. 1863ರ ಸುತ್ತೋಲೆಯೂ 1876ರ ಆಜ್ಞೆಯೂ ಉಕ್ರೇನಿಯನ್ನಿನಲ್ಲಿ ಪುಸ್ತಕ ಅಚ್ಚುಹಾಕುವುದನ್ನು ಬಹುಮಟ್ಟಿಗೆ ನಿಲ್ಲಿಸಿದವು. ಗೊಗೊಲ್‌ನ ಓದುಗರು ಲೋಕದ ತುಂಬ, ಶೆವ್ಚೆಂಕೊನ ಓದುಗರು ಹೆಚ್ಚಾಗಿ ಅವನ ಜನರೇ. ಇದರಲ್ಲಿ ಪ್ರತಿಭೆಯ ಅಳತೆಗಿಂತ ಅಚ್ಚುಕೂಟದ ಕಾನೂನಿನ ಪಾಲು ದೊಡ್ಡದು. ವಾಷಿಂಗ್‌ಟನ್ನಿನಲ್ಲಿ 1964ರಲ್ಲಿ ನಿಂತ ಶೆವ್ಚೆಂಕೊ ಪ್ರತಿಮೆಯ ಹಿಂದೆಯೂ ವಲಸೆ ಹೋದ ಉಕ್ರೇನಿಯನ್ನರ ಒತ್ತಾಸೆಯೇ ಇತ್ತು.

ಮತ್ತೆ ಊರು ಬಿಟ್ಟವರತ್ತ ಬರೋಣ. ಎಂಜಿನಿಯರಿಂಗ್ ಓದಿದವರಿಗೆ ತಿಮೊಶೆಂಕೊ ಹೆಸರು ಹೊಸದಲ್ಲ. ಸುರತ್ಕಲ್ಲಿನಲ್ಲಾಗಲಿ, ದಾವಣಗೆರೆಯಲ್ಲಾಗಲಿ, ಸಿವಿಲ್ ಅಥವಾ ಮೆಕ್ಯಾನಿಕಲ್ ತೆಗೆದುಕೊಂಡವರು 'ಸ್ಟ್ರೆಂತ್ ಆಫ್ ಮೆಟೀರಿಯಲ್ಸ್' ಪುಸ್ತಕವನ್ನು ಓದಿರದಿದ್ದರೂ ಗ್ರಂಥಾಲಯದ ಕಪಾಟಿನಲ್ಲಿ ಅದರ ಬೆನ್ನನ್ನು ನೋಡಿರುತ್ತಾರೆ. ಸ್ಟೆಪಾನ್ ತಿಮೊಶೆಂಕೊ 1878ರಲ್ಲಿ ಉಕ್ರೇನಿನ ಶ್ಪೋತಿವ್ಕಾದಲ್ಲಿ ಹುಟ್ಟಿದವನು. ಕೀವ್ ಪಾಲಿಟೆಕ್ನಿಕ್‌ನಲ್ಲಿ ಪ್ರಾಧ್ಯಾಪಕನಾಗಿದ್ದಾಗ ಶಿಕ್ಷಣ ಸಚಿವನ ನೀತಿಯನ್ನು ವಿರೋಧಿಸಿ 1911ರಲ್ಲಿ ಕೆಲಸ ಕಳೆದುಕೊಂಡ. 1918ರಲ್ಲಿ ಕೀವ್‌ನಲ್ಲಿ ಉಕ್ರೇನ್ ವಿಜ್ಞಾನ ಅಕಾಡೆಮಿ ಹುಟ್ಟಿದಾಗ ಸ್ಥಾಪಕ ಸದಸ್ಯರಲ್ಲಿ ಒಬ್ಬ. ಅಂತರ್ಯುದ್ಧದಲ್ಲಿ ದೇಶ ಬಿಟ್ಟು, 1922ರಲ್ಲಿ ಅಮೆರಿಕ ತಲುಪಿ, ಕೊನೆಗೆ ಸ್ಟ್ಯಾನ್‌ಫರ್ಡ್ ಸೇರಿದ. ಅವನ ಮನೆಯೊಳಗೇ ನಮ್ಮ ಪ್ರಶ್ನೆಗೆ ಎರಡು ಉತ್ತರಗಳಿದ್ದವು: ವಾಸ್ತುಶಿಲ್ಪಿಯಾಗಿದ್ದ ತಮ್ಮ ಸೆರ್ಹಿ ಸ್ವತಂತ್ರ ಉಕ್ರೇನಿನ ಅಲ್ಪಾಯುಷಿ ಸರ್ಕಾರದಲ್ಲಿ ಸಚಿವನಾದ, ಅಣ್ಣ ತನ್ನ ಆತ್ಮಕಥೆಯನ್ನು ರಷ್ಯನ್ನಿನಲ್ಲಿ ಬರೆದ.

ಅದೇ ಪಾಲಿಟೆಕ್ನಿಕ್‌ನಲ್ಲಿ ಓದಿದವನು ಇಗೊರ್ ಸಿಕೋರ್ಸ್ಕಿ. ಕೀವ್‌ನಲ್ಲಿ 1889ರಲ್ಲಿ ಜನನ. 1909ರಲ್ಲೇ ಹೆಲಿಕಾಪ್ಟರ್ ಕಟ್ಟಲು ಹೊರಟು, ಅದು ಮೇಲೇಳದೆ ಹೋದಾಗ ವಿಮಾನಗಳತ್ತ ತಿರುಗಿ, 1913ರಲ್ಲಿ ನಾಲ್ಕು ಎಂಜಿನ್ನುಗಳ ವಿಮಾನ ಹಾರಿಸಿದ. ಕ್ರಾಂತಿಯ ನಂತರ 1919ರಲ್ಲಿ ನ್ಯೂಯಾರ್ಕಿಗೆ ಹೋದ. 1923ರಲ್ಲಿ ಕಂಪನಿ ತೆರೆದಾಗ ಸಂಗೀತಗಾರ ರಾಖ್ಮಾನಿನೋವ್ 5,000 ಡಾಲರ್ ಕೊಟ್ಟು ಕೈಹಿಡಿದ. ಹಳೆಯ ಆಸೆ ಕೈಗೂಡಿದ್ದು 1939ರ ಸೆಪ್ಟೆಂಬರ್ 14ರಂದು, ವಿಎಸ್-300 ನೆಲ ಬಿಟ್ಟು ಎದ್ದಾಗ. ನಮ್ಮ ವಾಯುಸೇನೆ 1954ರಲ್ಲಿ ಮೊದಲ ಬಾರಿಗೆ ಪಡೆದ ಹೆಲಿಕಾಪ್ಟರ್ ಸಿಕೋರ್ಸ್ಕಿ ಕಂಪನಿಯ ಎಸ್-55. ಇಂದು ಆ ಪಾಲಿಟೆಕ್ನಿಕ್‌ಗೂ ಕೀವ್‌ನ ಒಂದು ವಿಮಾನ ನಿಲ್ದಾಣಕ್ಕೂ ಇವನದೇ ಹೆಸರು. ಆದರೆ ಸಿಕೋರ್ಸ್ಕಿ ತನ್ನನ್ನು ರಷ್ಯನ್ ಎಂದೇ ತಿಳಿದಿದ್ದ; ಅವನ ತಂದೆ, ಹೆಸರಾಂತ ಮನೋವೈದ್ಯ, ಕಟ್ಟಾ ರಷ್ಯನ್ ರಾಷ್ಟ್ರವಾದಿ. ಊರು ತನ್ನ ಮಗನನ್ನು ಹೆಮ್ಮೆಯಿಂದ ಕರೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಅವನ ಬಾಯಲ್ಲಿ ನಮ್ಮ ಮಾತು ತುರುಕಬಾರದಷ್ಟೆ.

ಬಾಹ್ಯಾಕಾಶದ ಕತೆಯಲ್ಲಿ ಎರಡು ಹೆಸರುಗಳಿವೆ, ಎರಡೂ ಬಹುಕಾಲ ಮುಚ್ಚಿಟ್ಟ ಹೆಸರುಗಳು. ಝಿತೋಮಿರ್‌ನಲ್ಲಿ 1907ರಲ್ಲಿ ಹುಟ್ಟಿದ ಸೆರ್ಗೇಯ್ ಕೊರೊಲ್ಯೋವ್ ಒಡೆಸಾದಲ್ಲಿ ಬೆಳೆದು, ಎರಡು ವರ್ಷ ಕೀವ್ ಪಾಲಿಟೆಕ್ನಿಕ್‌ನಲ್ಲಿ ಓದಿ ಮಾಸ್ಕೋಗೆ ಹೋದ. 1938ರಲ್ಲಿ ಬಂಧನ, ಚಿತ್ರಹಿಂಸೆ, ಕೊಲಿಮಾದ ಚಿನ್ನದ ಗಣಿಯಲ್ಲಿ ಜೀತ. ಅಲ್ಲಿಂದ ಜೀವಂತ ಮರಳಿ 1957ರಲ್ಲಿ ಸ್ಪುಟ್ನಿಕ್ ಹಾರಿಸಿದ, 1961ರಲ್ಲಿ ಗಗಾರಿನ್‌ನನ್ನು ಕಳಿಸಿದ. 1966ರಲ್ಲಿ ಸಾಯುವವರೆಗೂ ಜಗತ್ತಿಗೆ ಅವನ ಹೆಸರು ಗೊತ್ತಿರಲಿಲ್ಲ. ಪತ್ರಿಕೆಗಳಲ್ಲಿ ಅವನು ಬರೀ 'ಮುಖ್ಯ ವಿನ್ಯಾಸಕಾರ'.

ಇನ್ನೊಬ್ಬ ಪೊಲ್ತಾವದ ಒಲೆಕ್ಸಾಂದ್ರ್ ಶಾರ್ಗೇಯ್, 1897ರಲ್ಲಿ ಹುಟ್ಟಿದವನು. ಅಂತರ್ಯುದ್ಧದಲ್ಲಿ ಬೋಲ್ಷೆವಿಕ್ ವಿರೋಧಿ ಶ್ವೇತಸೇನೆಗೆ ಬಲವಂತವಾಗಿ ಸೇರಿಸಲ್ಪಟ್ಟಿದ್ದ. ಬೋಲ್ಷೆವಿಕರು ಗೆದ್ದಮೇಲೆ ಆ ಗುರುತೇ ಮರಣಶಾಸನ. 1921ರಲ್ಲಿ ಕ್ಷಯದಿಂದ ತೀರಿಕೊಂಡಿದ್ದ ಯೂರಿ ಕೊಂದ್ರಾತ್ಯುಕ್ ಎಂಬ ಯುವಕನ ಕಾಗದಪತ್ರಗಳನ್ನು ಪಡೆದು, ಉಳಿದ ಆಯುಷ್ಯವನ್ನೆಲ್ಲ ಸತ್ತವನ ಹೆಸರಿನಲ್ಲಿ ಬದುಕಿದ. ಸೈಬೀರಿಯಾಕ್ಕೆ ಹೋಗಿ ಧಾನ್ಯದ ಉಗ್ರಾಣಗಳನ್ನು ಕಟ್ಟಿದ. ಮೊಳೆ ಬಳಸದೆ ಮರದಲ್ಲೇ ಎಬ್ಬಿಸಿದ ಒಂದು ಉಗ್ರಾಣ 13,000 ಟನ್ ಧಾನ್ಯ ಹಿಡಿಯುವಂಥದ್ದು. ಮೊಳೆಯಿಲ್ಲದ್ದು ಕುಸಿಯುತ್ತದೆ, ಇದು ಬುಡಮೇಲು ಕೃತ್ಯ ಎಂದು 1930ರಲ್ಲಿ ಹಿಡಿದು ಹಾಕಿದರು. ಉಗ್ರಾಣ ಮಾತ್ರ ದಶಕಗಳ ಕಾಲ ನಿಂತಿತ್ತು. ಬಂಧನಕ್ಕೆ ಒಂದು ವರ್ಷ ಮೊದಲು ನೊವೊಸಿಬಿರ್ಸ್ಕ್‌ನಲ್ಲಿ ಸ್ವಂತ ಖರ್ಚಿನಲ್ಲಿ ಒಂದು ಪುಸ್ತಕ ಅಚ್ಚುಹಾಕಿಸಿದ್ದ. ಚಂದ್ರನಿಗೆ ಹೋಗುವವರು ದೊಡ್ಡ ನೌಕೆಯನ್ನು ಚಂದ್ರನ ಸುತ್ತ ತಿರುಗಲು ಬಿಟ್ಟು, ಸಣ್ಣ ನೌಕೆಯಲ್ಲಿ ಇಳಿದು ಮತ್ತೆ ಬಂದು ಕೂಡಿಕೊಂಡರೆ ಇಂಧನ ಉಳಿಯುತ್ತದೆ ಎಂಬ ಯೋಚನೆಯನ್ನು ಅವನು ಆ ಕಾಲದಲ್ಲೇ ಬರೆದಿಟ್ಟಿದ್ದ. ನಾಸಾದಲ್ಲಿ ಜಾನ್ ಹೌಬೋಲ್ಟ್ ಪಟ್ಟುಹಿಡಿದು ಒಪ್ಪಿಸಿದ್ದು, 1969ರಲ್ಲಿ ಅಪೊಲೊ 11 ಅನುಸರಿಸಿದ್ದು ಈ ಬಗೆಯ ದಾರಿಯನ್ನೇ. ಕೊಂದ್ರಾತ್ಯುಕ್ ಎರಡನೆಯ ಮಹಾಯುದ್ಧದಲ್ಲಿ ಸ್ವಯಂಸೇವಕನಾಗಿ ಹೋಗಿ ಕಣ್ಮರೆಯಾದ. ಈ ಇಡೀ ಸಮೀಕ್ಷೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವ ಬದುಕು ಇವನದೇ.

ಬಾಹ್ಯಾಕಾಶದ ಈ ಕತೆಗೆ ನಮ್ಮ ನಂಟೂ ಇದೆ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಯು.ಆರ್. ರಾವ್ ಅವರ ತಂಡ ಕಟ್ಟಿದ 'ಆರ್ಯಭಟ' ಉಪಗ್ರಹ 1975ರ ಏಪ್ರಿಲ್ 19ರಂದು ಹಾರಿದ್ದು ಸೋವಿಯತ್ ಕಾಸ್ಮೊಸ್-3ಎಂ ರಾಕೆಟ್ಟಿನಲ್ಲಿ. ಆ ರಾಕೆಟ್ಟಿನ ಮೂಲ ಆರ್-14 ಕ್ಷಿಪಣಿ. ಅದನ್ನು ರೂಪಿಸಿದ್ದು ಉಕ್ರೇನಿನ ದ್ನಿಪ್ರೊ ನಗರದ ವಿನ್ಯಾಸ ಸಂಸ್ಥೆ. ಆಗ ನಮ್ಮ ಪತ್ರಿಕೆಗಳು 'ರಷ್ಯದ ನೆರವು' ಎಂದೇ ಬರೆದಿದ್ದರೆ ಅದು ಅವರ ತಪ್ಪಲ್ಲ, ಎಲ್ಲರೂ ಹಾಗೇ ಹೇಳುತ್ತಿದ್ದರು.

ಅಭಿಮಾನದ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣದ ಒಬ್ಬನನ್ನು ಇಲ್ಲಿ ತರಬೇಕು: ತ್ರೊಫಿಮ್ ಲಿಸೆಂಕೊ. ಪೊಲ್ತಾವ ಸೀಮೆಯ ರೈತನ ಮಗ, 1898ರಲ್ಲಿ ಜನನ. ತಳಿವಿಜ್ಞಾನವೇ ಬೂರ್ಜ್ವಾ ಸುಳ್ಳು ಎಂದು ಸ್ಟಾಲಿನ್‌ನನ್ನು ನಂಬಿಸಿ ಸೋವಿಯತ್ ಜೀವವಿಜ್ಞಾನವನ್ನು ದಶಕಗಳ ಕಾಲ ಹಾಳುಗೆಡವಿದ. ಅವನಿಗಿಂತ ಎರಡು ವರ್ಷಕ್ಕೆ ಚಿಕ್ಕವನಾದ ಥಿಯೊಡೋಸಿಯಸ್ ದೊಬ್‌ಜಾನ್‌ಸ್ಕಿ ಹುಟ್ಟಿದ್ದೂ ಉಕ್ರೇನಿನಲ್ಲೇ, ನೆಮಿರಿವ್ ಎಂಬ ಊರಿನಲ್ಲಿ. ಕೀವ್‌ನಲ್ಲಿ ಓದಿ 1927ರಲ್ಲಿ ಅಮೆರಿಕಕ್ಕೆ ಹೋಗಿ, 1937ರಲ್ಲಿ ಬರೆದ ಗ್ರಂಥದಿಂದ ಡಾರ್ವಿನ್‌ನ ವಿಕಾಸವಾದಕ್ಕೂ ತಳಿವಿಜ್ಞಾನಕ್ಕೂ ಗಂಟು ಹಾಕಿದ. ಲಿಸೆಂಕೊನ ಪುಸ್ತಕವನ್ನು 1946ರಲ್ಲಿ ಇಂಗ್ಲಿಷಿಗೆ ತಂದವನೂ ಇವನೇ. ಅದೆಷ್ಟು ಟೊಳ್ಳು ಎಂದು ಜನ ಓದಿಯೇ ತಿಳಿಯಲಿ ಎಂಬುದು ಉದ್ದೇಶ. ಟ್ರಾಟ್‌ಸ್ಕಿ, ಬ್ರೆಜ್ನೆವ್ ಕೂಡ ಆ ನೆಲದಲ್ಲಿ ಹುಟ್ಟಿದವರೇ. ಹುಟ್ಟಿದ ನೆಲವನ್ನೇ ಅಳತೆ ಮಾಡಿಕೊಂಡ ಮೇಲೆ ಬೇಕಾದವರನ್ನು ಮಾತ್ರ ಆರಿಸಿಕೊಳ್ಳುವುದು ಎಂಥ ನ್ಯಾಯ? ಪಟ್ಟಿಗಳ ಇನ್ನೊಂದು ಚಾಳಿ ಉತ್ಪ್ರೇಕ್ಷೆ. ಇವಾನ್ ಪುಲ್ಯುಯಿ ರಾಂಟ್ಜನ್‌ಗಿಂತ ಮೊದಲೇ ಎಕ್ಸ್-ರೇ ಕಂಡುಹಿಡಿದ ಎಂದು ಬರೆಯುತ್ತಾರೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಪ್ರಾಗ್‌ನಲ್ಲಿ ಪ್ರಾಧ್ಯಾಪಕನಾಗಿದ್ದು ಕ್ಯಾಥೋಡ್ ಕಿರಣಗಳ ಮೇಲೆ ಒಳ್ಳೆಯ ಕೆಲಸ ಮಾಡಿದವನು, ಬೈಬಲ್ಲನ್ನು ಉಕ್ರೇನಿಯನ್ನಿಗೆ ತರಲು ನೆರವಾದವನು. ಅಷ್ಟು ಸಾಲದೆ?

ಒಡೆಸಾದ ಇನ್ನೊಬ್ಬ ಮಗ ಭೌತವಿಜ್ಞಾನಿ ಜಾರ್ಜ್ ಗ್ಯಾಮೋ. ಸೋವಿಯತ್ ಗಡಿ ದಾಟಲು 1932ರಲ್ಲಿ ಹೆಂಡತಿಯೊಂದಿಗೆ ಪುಟ್ಟ ದೋಣಿಯಲ್ಲಿ ಕ್ರಿಮಿಯಾದಿಂದ ಟರ್ಕಿಯತ್ತ ಹುಟ್ಟು ಹಾಕಿದ. ಬಿರುಗಾಳಿ ದಡಕ್ಕೆ ತಳ್ಳಿತು. ಮರುವರ್ಷ ಬ್ರಸೆಲ್ಸ್‌ನ ಸಮ್ಮೇಳನಕ್ಕೆಂದು ಇಬ್ಬರೂ ಹೋದವರು ಹಿಂದಿರುಗಲಿಲ್ಲ. ಮಹಾಸ್ಫೋಟ ಸಿದ್ಧಾಂತದ ಚರಿತ್ರೆಯಲ್ಲಿ ಅವನ ಹೆಸರು ದೊಡ್ಡದು.

ಯಹೂದಿಗಳ ವಿಚಾರ ಸೂಕ್ಷ್ಮ. ಶೊಲೆಮ್ ಅಲೈಹೆಮ್ ಪೆರೆಯಾಸ್ಲಾವ್‌ನವನು. ಕೀವ್ ಸುತ್ತಲಿನ ಹಳ್ಳಿಗಳನ್ನು ಯಿಡ್ಡಿಷ್ ಕತೆಗಳಿಗೆ ತಂದ. ಅವನ ಹಾಲುಮಾರುವ ತೆವ್ಯೆಯೇ 'ಫಿಡ್ಲರ್ ಆನ್ ದ ರೂಫ್' ನಾಟಕದ ನಾಯಕ. ಇಸ್ರೇಲಿನ ಪ್ರಧಾನಿಯಾದ ಗೋಲ್ಡಾ ಮೇಯರ್ 1898ರಲ್ಲಿ ಕೀವ್‌ನಲ್ಲಿ ಹುಟ್ಟಿದವರು. ಆ ಊರಿನ ಬಗ್ಗೆ ಅವರಿಗಿದ್ದ ನೆನಪು, ದೊಂಬಿಯ ಸುದ್ದಿ ಹಬ್ಬಿದಾಗ ಅಪ್ಪ ಬಾಗಿಲಿಗೆ ಹಲಗೆ ಹೊಡೆಯುತ್ತಿದ್ದದ್ದು. ರಸಾಯನಶಾಸ್ತ್ರದ 1981ರ ನೊಬೆಲ್ ಪಡೆದ ರೋಲ್ಡ್ ಹಾಫ್‌ಮನ್ ಝೋಲೊಚಿವ್ ಎಂಬ ಊರಿನವರು. ನಾಜಿಗಳ ಕಾಲದಲ್ಲಿ ತಾಯಿಯೊಡನೆ ಹಳ್ಳಿ ಶಾಲೆಯ ಅಟ್ಟದಲ್ಲಿ ಅಡಗಿ ಬದುಕುಳಿದ ಮಗು. ಅವರನ್ನು ಅಟ್ಟದಲ್ಲಿ ಕಾಪಾಡಿದವರು ಉಕ್ರೇನಿಯನ್ ಮೇಷ್ಟ್ರ ಕುಟುಂಬ. ಬ್ರೆಜಿಲ್‌ನ ಕಾದಂಬರಿಕಾರ್ತಿ ಕ್ಲಾರಿಸ್ ಲಿಸ್ಪೆಕ್ಟರ್ 1920ರಲ್ಲಿ ಚೆಚೆಲ್ನಿಕ್‌ನಲ್ಲಿ ಹುಟ್ಟಿದ್ದು, ಕುಟುಂಬ ದೊಂಬಿಗಳಿಗೆ ಹೆದರಿ ಓಡುತ್ತಿದ್ದ ದಾರಿಯಲ್ಲಿ. ತನ್ನನ್ನು ಎತ್ತಿಕೊಂಡೇ ಹೋದರು, ಆ ನೆಲದ ಮೇಲೆ ಕಾಲಿಟ್ಟದ್ದೇ ಇಲ್ಲ ಎಂದು ಆಕೆ ಹೇಳುತ್ತಿದ್ದರು. ಓಡಿಸಿದ ಊರುಗಳೇ ಇಂದು ಇಂಥವರನ್ನು ನೆನೆಯುತ್ತಿವೆ. ನೆನೆಯುವುದು ಒಳ್ಳೆಯದೇ, ಏಕೆ ಹೋದರು ಎಂಬುದನ್ನೂ ಪಕ್ಕದಲ್ಲಿ ಬರೆದರೆ ಪ್ರಾಮಾಣಿಕವಾದೀತು. ಬೆರ್ದಿಚಿವ್‌ನಲ್ಲಿ ಹುಟ್ಟಿದ ಜೋಸೆಫ್ ಕಾನ್ರಾಡ್ ಪೋಲಿಷ್ ಕುಲೀನ, ಇಂಗ್ಲಿಷ್ ಲೇಖಕ. ಅವನನ್ನು ಉಕ್ರೇನಿಗೆ ಎಳೆಯುವುದು ವ್ಯರ್ಥ ಕಸರತ್ತು.

ಹಾಗಾದರೆ ನೆಲ, ವಂಶ, ಸ್ವಂತ ಮಾತು ಮೂರರಲ್ಲೂ ಉಕ್ರೇನಿನವರಾದವರು ಲೋಕಪ್ರಸಿದ್ಧರಾಗಲಿಲ್ಲವೇ? ಒಂದು ಹಾಡಿನ ಕತೆ ಹೇಳಬೇಕು. ಮಿಕೋಲಾ ಲೆಯೊಂತೊವಿಚ್ ಪೊಡಿಲ್ಯಾ ಸೀಮೆಯ ಪಾದ್ರಿಯ ಮಗ, ಸಂಗೀತದ ಮೇಷ್ಟ್ರು. ಹೊಸವರ್ಷದ ಹಿಂದಿನ ರಾತ್ರಿ ಮನೆಮನೆಗೆ ಹೋಗಿ ಹಾಡುವ ಒಂದು ಜಾನಪದ ಹಾಡಿನ ನಾಲ್ಕು ಸ್ವರಗಳ ಎಳೆಯನ್ನು ಹಿಡಿದು ವೃಂದಗಾನ ಕಟ್ಟಿದ, ಹೆಸರು 'ಶ್ಚೆದ್ರಿಕ್'. ಮನೆಗೆ ಹಾರಿಬಂದ ಹಕ್ಕಿಯೊಂದು ಯಜಮಾನನಿಗೆ ಸುಭಿಕ್ಷದ ಸುದ್ದಿ ಹೇಳುವ ಹಾಡು. 1916ರಲ್ಲಿ ಕೀವ್‌ನಲ್ಲಿ ಮೊದಲ ಪ್ರದರ್ಶನ. 1919ರಲ್ಲಿ ಸ್ವತಂತ್ರ ಉಕ್ರೇನಿನ ಸರ್ಕಾರ, ನಾವೂ ಒಂದು ಜನ ಎಂದು ಯುರೋಪಿಗೆ ತೋರಿಸಲು ಒಲೆಕ್ಸಾಂದ್ರ್ ಕೊಶೆಟ್ಸ್‌ನ ಗಾಯಕ ತಂಡವನ್ನು ಹೊರದೇಶಗಳಿಗೆ ಕಳಿಸಿತು. ತಂಡ ಊರೂರು ಹಾಡುತ್ತ ಹೋಗುವಷ್ಟರಲ್ಲಿ ಕಳಿಸಿದ ಸರ್ಕಾರವೇ ಬಿದ್ದುಹೋಯಿತು. 1921ರ ಜನವರಿಯಲ್ಲಿ ತಂದೆಯ ಮನೆಗೆ ಬಂದಿದ್ದ ಲೆಯೊಂತೊವಿಚ್‌ನನ್ನು, ರಾತ್ರಿ ತಂಗಲು ಜಾಗ ಕೇಳಿಕೊಂಡು ಬಂದಿದ್ದ ಸೋವಿಯತ್ ರಹಸ್ಯ ಪೊಲೀಸಿನ ಮನುಷ್ಯನೊಬ್ಬ ಗುಂಡಿಟ್ಟು ಕೊಂದ. ಮರುವರ್ಷ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಆ ಹಾಡು ಕೇಳಿಸಿತು. 1936ರಲ್ಲಿ ಪೀಟರ್ ವಿಲ್‌ಹೌಸ್ಕಿ ಅದಕ್ಕೆ ಗಂಟೆಗಳ ಕುರಿತ ಇಂಗ್ಲಿಷ್ ಸಾಹಿತ್ಯ ಬರೆದ. ಇಂದು ಕ್ರಿಸ್‌ಮಸ್ ಬಂದರೆ ಬೆಂಗಳೂರಿನ ಮಾಲ್‌ಗಳಲ್ಲೂ ಕೇಳುವ 'ಕ್ಯಾರಲ್ ಆಫ್ ದ ಬೆಲ್ಸ್' ಅದೇ. ಹಾಡು ಲೋಕಪ್ರಸಿದ್ಧ, ಕಟ್ಟಿದವನ ಹೆಸರು ಕೇಳಿದರೆ ಹೇಳುವವರು ಕಡಿಮೆ.

ಗಾಯಕಿ ಸೊಲೊಮಿಯಾ ಕ್ರುಶೆಲ್ನಿತ್ಸ್ಕಾಳದು ತಿರುವುಮುರುವಾದ ಕತೆ. 1904ರ ಫೆಬ್ರವರಿಯಲ್ಲಿ ಮಿಲಾನ್‌ನಲ್ಲಿ ಪುಚ್ಚಿನಿಯ 'ಮದಾಮ ಬಟರ್‌ಫ್ಲೈ' ಒಪೆರಾ ಮಣ್ಣುಮುಕ್ಕಿತು. ಅವನು ತಿದ್ದಿ ಬರೆದು ಮೇ ತಿಂಗಳಲ್ಲಿ ಬ್ರೆಶಿಯಾದಲ್ಲಿ ಮತ್ತೆ ಆಡಿಸಿದಾಗ ನಾಯಕಿಯ ಪಾತ್ರ ಹಾಡಿ ಗೆಲ್ಲಿಸಿದವಳು ಗಲೀಷಿಯಾದ ಈ ಪಾದ್ರಿಯ ಮಗಳು. ಇಟಲಿಯಲ್ಲಿ ನೆಲೆಸಿದ್ದವಳು 1939ರಲ್ಲಿ ಲ್ವಿವ್‌ಗೆ ಬಂದಳು. ಸೋವಿಯತ್ ಸೇನೆ ಬಂತು, ಗಡಿ ಮುಚ್ಚಿತು, ಸ್ವಂತ ಮನೆಯೂ ಸರ್ಕಾರದ ವಶವಾಗಿ ಒಂದು ಭಾಗದಲ್ಲಿ ಇರಬೇಕಾಯಿತು. 1952ರಲ್ಲಿ ಸಾಯುವವರೆಗೂ ಹೊರಗೆ ಹೋಗಲಾಗಲಿಲ್ಲ.

ಊರಲ್ಲೇ, ಭಾಷೆಯಲ್ಲೇ ಉಳಿದವರ ಗತಿ 1937ರ ಶರತ್ಕಾಲದಲ್ಲಿ ಗೊತ್ತಾಯಿತು. ಸೊಲೊವ್ಕಿ ಸೆರೆಮನೆಯ ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಕರೇಲಿಯಾದ ಸಂದರ್‌ಮೊಖ್ ಕಾಡಿನಲ್ಲಿ ಕೆಲವೇ ದಿನಗಳಲ್ಲಿ ಗುಂಡಿಕ್ಕಿ ಕೊಂದರು. ಅವರಲ್ಲಿ ರಂಗನಿರ್ದೇಶಕ ಲೆಸ್ ಕುರ್ಬಾಸ್, ನಾಟಕಕಾರ ಮಿಕೋಲಾ ಕುಲಿಶ್, ಕವಿ ಮಿಕೋಲಾ ಝೆರೊವ್, ಕಾದಂಬರಿಕಾರ ವಲೇರಿಯನ್ ಪಿದ್‌ಮೊಹಿಲ್ನಿ ಇದ್ದರು. ಆಧುನಿಕ ಯುರೋಪಿನ ರಂಗಭೂಮಿಯ ಚರಿತ್ರೆಯಲ್ಲಿ ಬ್ರೆಕ್ಟ್, ಮೆಯೆರ್‌ಹೋಲ್ಡ್ ಜೊತೆ ಕುರ್ಬಾಸ್ ಕೂಡ ದೊಡ್ಡ ಅಧ್ಯಾಯವಾಗಬಹುದಿತ್ತು ಎಂಬುದು ನನ್ನ ಅಂದಾಜು. ಸತ್ತಾಗ ಅವನಿಗೆ 50 ವರ್ಷ.

ಕೆನಡಾಕ್ಕೆ ಹೋದವರದು ಬೇರೆಯೇ ಬಗೆ. ಇವರು ವಿದ್ವಾಂಸರಲ್ಲ, ಭೂಮಿ ಸಾಲದ ಗಲೀಷಿಯಾದ ರೈತರು. 1891ರಿಂದ ಗುಂಪುಗುಂಪಾಗಿ ಹೋಗಿ ಆಲ್ಬರ್ಟಾ, ಸಸ್ಕಾಚೆವಾನ್, ಮ್ಯಾನಿಟೋಬಾಗಳ ಬಯಲು ಉತ್ತರು. 2016ರ ಜನಗಣತಿಯಲ್ಲಿ ತಮ್ಮದು ಉಕ್ರೇನ್ ಮೂಲ ಎಂದವರು ಸುಮಾರು 13.6 ಲಕ್ಷ. ಒಂದನೆಯ ಮಹಾಯುದ್ಧದಲ್ಲಿ ಕೆನಡಾ ಸುಮಾರು ಎಂಟೂವರೆ ಸಾವಿರ ಜನರನ್ನು ಶತ್ರುದೇಶದವರೆಂದು ಶಿಬಿರಗಳಲ್ಲಿ ಕೂಡಿಹಾಕಿತು. ಹೆಚ್ಚಿನವರು ಆಸ್ಟ್ರಿಯಾದ ಕಾಗದಪತ್ರವಿದ್ದ ಉಕ್ರೇನಿಯನ್ನರು. ಅದೇ ಹೊತ್ತಿಗೆ ಫಿಲಿಪ್ ಕೊನೊವಾಲ್ ಎಂಬ ಉಕ್ರೇನಿಯನ್ ಕಾರ್ಪೊರಲ್ ಕೆನಡಾ ಸೇನೆಯಲ್ಲಿ ಹೋರಾಡಿ, 1917ರಲ್ಲಿ ಫ್ರಾನ್ಸಿನ ಲಾಂಸ್ ಬಳಿ ತೋರಿದ ಶೌರ್ಯಕ್ಕೆ ವಿಕ್ಟೋರಿಯಾ ಕ್ರಾಸ್ ಪಡೆದ. ಮುಂದೆ ಅವನಿಗೆ ಸಿಕ್ಕಿದ ಕೆಲಸ ಒಟ್ಟಾವಾ ನಗರದ ಸಂಸತ್ ಭವನದ ನೆಲ ಒರೆಸುವುದು. ಎರಡು ತಲೆಮಾರು ಕಳೆದಮೇಲೆ ಅದೇ ದೇಶಕ್ಕೆ ರಮೋನ್ ನಾತಿಶಿನ್ ಗವರ್ನರ್ ಜನರಲ್ ಆದರು. 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಕೆನಡಾದ ಮೊದಲ ಮಹಿಳೆ ರಾಬರ್ಟಾ ಬಾಂಡರ್ ಕೂಡ ಉಕ್ರೇನ್ ಮೂಲದವರೇ. ಅಮೆರಿಕದ ಕಲ್ಲಿದ್ದಲ ಗಣಿ ಕುಟುಂಬದಿಂದ ಬಂದು ಹಾಲಿವುಡ್ಡಿನ ಖಳನಾಯಕನಾಗಿ ಮೆರೆದ ಜ್ಯಾಕ್ ಪ್ಯಾಲೆನ್ಸ್‌ನ ಹುಟ್ಟುಹೆಸರು ವೊಲೊದಿಮಿರ್ ಪಲಾಹ್‌ನ್ಯುಕ್.

ಕ್ರೀಡೆಯ ಮಾತು ಬೇಗ ಮುಗಿಸಬಹುದು, ಅಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರುಗಳೇ: 35 ವಿಶ್ವದಾಖಲೆಗಳ ಪೋಲ್‌ವಾಲ್ಟ್ ವೀರ ಸೆರ್ಗೇಯ್ ಬುಬ್ಕಾ, 18 ಒಲಿಂಪಿಕ್ ಪದಕಗಳ ಖೆರ್ಸೋನಿನ ಲಾರಿಸಾ ಲತಿನಿನಾ, ಫುಟ್‌ಬಾಲಿನ ಆಂದ್ರಿ ಶೆವ್ಚೆಂಕೊ, ಮುಷ್ಟಿಯುದ್ಧದ ಕ್ಲಿಚ್ಕೊ ಸೋದರರು. ನಮ್ಮ ಕೈಯಲ್ಲಿ ದಿನವಿಡೀ ಇರುವ ವಾಟ್ಸ್‌ಆ್ಯಪ್ ಕಟ್ಟಿದ ಇಬ್ಬರಲ್ಲಿ ಜಾನ್ ಕೂಮ್ ಕೀವ್ ಬಳಿಯ ಫಾಸ್ತಿವ್‌ನಲ್ಲಿ ಬೆಳೆದವನು. 1992ರಲ್ಲಿ 16ರ ಹುಡುಗನಾಗಿ ತಾಯಿಯೊಡನೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಸರ್ಕಾರ ಕೊಡುತ್ತಿದ್ದ ಆಹಾರದ ಕೂಪನ್ನಿನಲ್ಲಿ ದಿನ ದೂಡಿದ. 2014ರಲ್ಲಿ 1,900 ಕೋಟಿ ಡಾಲರಿಗೆ ಕಂಪನಿ ಮಾರಿದಾಗ, ಹಿಂದೆ ಆ ಕೂಪನ್ನಿಗಾಗಿ ಸಾಲು ನಿಂತಿದ್ದ ಕಚೇರಿಯ ಬಾಗಿಲಲ್ಲೇ ಸಹಿ ಹಾಕಿದ. ಮಾತನಾಡಿದ್ದು ಸರ್ಕಾರದ ಕಿವಿಗೆ ಬೀಳುತ್ತದೆಂದು ಮನೆಯವರು ಫೋನಿನಲ್ಲಿ ಹಿಂಜರಿಯುತ್ತಿದ್ದ ದಿನಗಳು ಅವನಿಗೆ ನೆನಪಿದ್ದವು. ಸಂದೇಶಗಳ ಗುಟ್ಟು ಕಾಯುವ ಹಟ ಅಲ್ಲಿಂದ ಬಂತು.

ಗಣಿತದ ಅತ್ಯುನ್ನತ ಗೌರವವಾದ ಫೀಲ್ಡ್ಸ್ ಪದಕ ಈ ನೆಲದಲ್ಲಿ ಹುಟ್ಟಿದ ಇಬ್ಬರಿಗೆ ಸಿಕ್ಕಿದೆ. ಖಾರ್ಕಿವ್‌ನ ವ್ಲಾದಿಮಿರ್ ದ್ರಿನ್‌ಫೆಲ್ಡ್ ಯಹೂದಿ. ಓದಿದ್ದು ಮಾಸ್ಕೋದಲ್ಲಿ, ಅಲ್ಲಿ ಕೆಲಸ ಸಿಗದೆ ಖಾರ್ಕಿವ್‌ಗೇ ಮರಳಿ ಸಂಶೋಧನೆ ಮಾಡಿದರು. 1990ರಲ್ಲಿ ಕ್ಯೋಟೊದಲ್ಲಿ ಪದಕ ಘೋಷಣೆಯಾದಾಗ ಅದು ಸೋವಿಯತ್ ಒಕ್ಕೂಟದ ಲೆಕ್ಕಕ್ಕೆ ಹೋಯಿತು. ಮರೀನಾ ವ್ಯಾಜೊವ್ಸ್ಕಾ 1984ರಲ್ಲಿ ಕೀವ್‌ನಲ್ಲಿ ಹುಟ್ಟಿದವರು. ಸಂತೆಯಲ್ಲಿ ಕಿತ್ತಳೆ ಪೇರಿಸುವ ಹಾಗೆ, ಗೋಳಗಳನ್ನು ಅತಿ ಒತ್ತಾಗಿ ಜೋಡಿಸುವ ಬಗೆ ಯಾವುದು ಎಂಬ ಪ್ರಶ್ನೆಯನ್ನು ಅವರು 2016ರಲ್ಲಿ ಎಂಟು ಆಯಾಮಗಳಿಗೆ ಬಿಡಿಸಿದರು. ಪುರಾವೆ 23 ಪುಟ. 2022ರ ಜುಲೈನಲ್ಲಿ ಆ ಪದಕ ಕೊಡಬೇಕಿದ್ದ ಸಮ್ಮೇಳನ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಿಗದಿಯಾಗಿತ್ತು. ರಷ್ಯ ಉಕ್ರೇನಿನ ಮೇಲೆ ದಾಳಿ ಮಾಡಿದ ಕಾರಣ ಸಮಾರಂಭ ಹೆಲ್ಸಿಂಕಿಗೆ ಸ್ಥಳಾಂತರವಾಯಿತು. ಈ ಸಲ ದೇಶದ ಹೆಸರಿನ ಬಗ್ಗೆ ಯಾರಿಗೂ ಗೊಂದಲವಿರಲಿಲ್ಲ, ಜಗತ್ತಿನ ಪತ್ರಿಕೆಗಳೆಲ್ಲ ಉಕ್ರೇನ್ ಎಂದೇ ಬರೆದವು. ದ್ರಿನ್‌ಫೆಲ್ಡ್ 1990ರ ದಶಕದ ಕೊನೆಯಲ್ಲಿ ಶಿಕಾಗೋಗೆ ಹೋದರು. ವ್ಯಾಜೊವ್ಸ್ಕಾ ಕೀವ್‌ನಲ್ಲಿ ಪದವಿ ಮುಗಿಸಿ ಜರ್ಮನಿಗೆ ಹೋದವರು, ಬಾನ್‌ನಲ್ಲಿ ಡಾಕ್ಟರೇಟ್ ಮಾಡಿ, ಬರ್ಲಿನ್‌ನಲ್ಲಿದ್ದಾಗ ಆ ಲೆಕ್ಕ ಬಿಡಿಸಿದರು. ಈಗ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಪ್ರಾಧ್ಯಾಪಕಿ.